ಒಳಗಿಂದ ಬಂದ ವರದಿ

ಟೆಸ್ಟರಕ್ಕನ ಫೋನಿನ ಬ್ಯಾಟರಿ ಅವತ್ತೊಂದು ದಿನ ಮರ್ಯಾದೆಯಾಗಿ ನಡೆದುಕೊಂಡಿದ್ದರೆ ಈ ಯಾವ ಅವಾಂತರವೂ ಆಗುತ್ತಿರಲಿಲ್ಲ. ಆದರೆ ಆ ಬ್ಯಾಟರಿ ಹುಟ್ಟು ಸೋಮಾರಿ. ಬೆಳಿಗ್ಗೆ ಹೊಟ್ಟೆ ತುಂಬಿಸಿಕೊಂಡು ಮನೆ ಬಿಟ್ಟರೆ ಮೊದಲ ಸಿಗ್ನಲ್ ದಾಟುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಅಲ್ಲಿಂದ ಮುಂದೆ ಟೆಸ್ಟರಕ್ಕ ಕಂಡಕಂಡವರ ಫೋನು ಬೇಡಿಕೊಂಡು ದಿನ ದೂಡುತ್ತಿದ್ದರು.

ಅವರ ಕೆಲಸ ಲಿಫ್ಟು ಹತ್ತುವುದು, ಇಳಿಯುವುದು. ಗುಂಡಿ ಒತ್ತಿದಾಗ ಲಿಫ್ಟು ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆಗೆಯಬೇಕು, ಯಾರಾದರೂ ಕೈ ಅಡ್ಡ ಇಟ್ಟರೆ ಏನು ಮಾಡಬೇಕು ಎಂದು ಲಿಫ್ಟಿಗೆ ಬುದ್ಧಿ ಹೇಳುವ ಸಾಫ್ಟ್‌ವೇರನ್ನು ಅವರ ಕಂಪನಿ ಬರೆಯುತ್ತಿತ್ತು. ಅಕ್ಕ ಊರಿನ ಕಟ್ಟಡಗಳಿಗೆಲ್ಲ ಹೋಗಿ, ಲಿಫ್ಟಿನೊಳಗೆ ನಿಂತು, ಅದಕ್ಕೆ ಹೇಳಿದ ಬುದ್ಧಿ ತಲೆಗೆ ಹೋಗಿದೆಯೋ ಇಲ್ಲವೋ ನೋಡಿ ವರದಿ ಕಳಿಸುತ್ತಿದ್ದರು. ಆ ವರದಿ ಬಂದು ಬೀಳುತ್ತಿದ್ದುದು ಜರಡಿಯ ಹತ್ತಿರ.

ಜರಡಿ ಎಂದರೆ ಮನುಷ್ಯ. ಪರೀಕ್ಷೆಗಳಿಂದ ಬರುವ ರಾಶಿ ರಾಶಿ ಸಾಲುಗಳನ್ನು ಓದಿ, ಸರಿ ಇದ್ದುದಕ್ಕೆ ಹಸಿರು, ತಪ್ಪಿದ್ದುದಕ್ಕೆ ಕೆಂಪು ಬಣ್ಣ ಹಚ್ಚಿ ಪರದೆಯ ಮೇಲೆ ತೋರಿಸುವ ಪಾರ್ಸರ್ ಎಂಬ ಒಂದು ಪ್ರೋಗ್ರಾಮನ್ನು ಬರೆದಿದ್ದ. ಅದು ಥೇಟ್ ಜರಡಿಯ ಹಾಗೆ ಕಾಳನ್ನೂ ಕಲ್ಲನ್ನೂ ಬೇರೆ ಮಾಡುತ್ತದೆ ಎಂದು ಯಾರೋ ಹೊಗಳಿದರು. ಹೊಗಳಿಕೆ ಮರೆತುಹೋಯಿತು, ಹೆಸರು ಅಂಟಿಕೊಂಡಿತು. ಸ್ವಂತ ಹೆಸರಿನಿಂದ ಅವನನ್ನು ಕರೆಯುತ್ತಿದ್ದವರು ಈಗ ಬ್ಯಾಂಕಿನವರು ಮಾತ್ರ.

ಆ ಬೆಳಿಗ್ಗೆ ಅವನು ಬ್ಯಾಗು ಕೆಳಗಿಡುವ ಮೊದಲೇ ಮ್ಯಾನೇಜರು ಎದುರು ನಿಂತರು.

"ಏನ್ರೀ ಜರಡಿ, ಮಧ್ಯಾಹ್ನ ಲಿಫ್ಟ್ ಕಂಪನಿ ಯಜಮಾನರು ಬರ್ತಾ ಇದಾರೆ. ಗೊತ್ತಲ್ಲ?"

"ಗೊತ್ತು ಸರ್. ಪಾರ್ಸರ್ ರೆಡಿ ಇದೆ."

"ರೆಡಿ ಇರೋದು ಬೇಡ. ಅವರಿಗೆ ಜೀವಂತ ಬೇಕಂತೆ. ಟೆಸ್ಟರಕ್ಕ ಅಲ್ಲಿ ಲಿಫ್ಟಲ್ಲಿ ನಿಂತು ಬಾಯಲ್ಲಿ ಹೇಳ್ಬೇಕು, ಇಲ್ಲಿ ಪರದೆ ಮೇಲೆ ಕೆಂಪು ಹಸಿರು ಬರ್ಬೇಕು."

ಜರಡಿಯ ಮುಖ ಇಳಿಯಿತು. "ಸರ್, ನಮ್ಮ ಪಾರ್ಸರ್ ಫೈಲು ಓದುತ್ತೆ. ಯಂತ್ರದಿಂದ ನೇರವಾಗಿ ಬಂದ್ರೂ ಓದುತ್ತೆ. ಅದಕ್ಕೆ ಕಿವಿ ಇಲ್ವಲ್ಲ."

"ಹಚ್ಚಿ," ಎಂದರು ಮ್ಯಾನೇಜರು, ಗೋಡೆಗೆ ಮೊಳೆ ಹೊಡೆಯಿರಿ ಎಂದಷ್ಟು ಸುಲಭವಾಗಿ. "ಯಜಮಾನರು ಒಪ್ಪಿದ್ರೆ ನಾವು ಉಳ್ಕೊಂಡ್ವಿ. ಇಲ್ಲಾಂದ್ರೆ ಮುಂದಿನ ತಿಂಗಳು ಈ ರೂಮಲ್ಲಿ ಬೇರೆ ಯಾರೋ ಕೂತಿರ್ತಾರೆ. ನಾನೆಲ್ಲಾದ್ರೂ ಬದುಕ್ಕೋತೀನಿ. ನಿಮ್ಮ ವಿಷಯ ಹೇಳೋಕಾಗಲ್ಲ."

ಕಿವಿ ಹಚ್ಚುವುದು ಅಸಾಧ್ಯವೇನಲ್ಲ. ಆ ಪಾರ್ಸರಿನ ಬಾಗಿಲಲ್ಲಿ ಹ್ಯಾಂಡ್ಲರುಗಳೆಂಬ ಕೆಲವು ಸಾಫ್ಟ್‌ವೇರ್ ಆಳುಗಳಿದ್ದರು. ಹೊಸದಾಗಿ ಏನು ಬಂದರೂ ಪಾರ್ಸರು ಒಬ್ಬೊಬ್ಬರನ್ನೇ ಕೇಳುತ್ತಿತ್ತು: ಇದು ನಿನ್ನದಾ, ಎಷ್ಟು ಖಾತ್ರಿ? ಪ್ರತಿ ಹ್ಯಾಂಡ್ಲರೂ ಸೊನ್ನೆಯಿಂದ ಒಂದರೊಳಗೆ ಒಂದು ಅಂಕ ಹೇಳಬೇಕು. ಯಾರು ಹೆಚ್ಚು ಹೇಳಿದರೋ ಕೆಲಸ ಅವರಿಗೆ. ಆಫೀಸಿನ ಮೀಟಿಂಗಿನ ಹಾಗೆಯೇ. ಗೊತ್ತಿದ್ದವರಿಗಲ್ಲ, ಧೈರ್ಯವಾಗಿ ಹೇಳಿದವರಿಗೆ ಮಣೆ. ಈಗ ಧ್ವನಿ ಕೇಳಿ ಬರಹ ಮಾಡಿಕೊಡುವ ಒಬ್ಬ ಹೊಸ ಆಳನ್ನು ತಂದು ನಿಲ್ಲಿಸಿದರಾಯಿತು. ಧ್ವನಿಯನ್ನು ಅಕ್ಷರ ಮಾಡುವ ಸಾಮಾನು ಎಲ್ಲೆಲ್ಲೂ ಸಿಗುತ್ತದೆ. ಜರಡಿ ತೋಳು ಮಡಚಿ ಕೂತ.

ಕೂರಲು ಬಿಡಬೇಕಲ್ಲ.

ಮೊದಲು ಬಂದವರು ಟೆಸ್ಟರಕ್ಕ. ಹೊರಡುವ ಮುಂಚೆ ಒಂದೆರಡು ವಾಕ್ಯ ಹೇಳಿ ನೋಡಿ ಎಂದು ಅವನೇ ಕರೆದಿದ್ದ. ಅಕ್ಕ ಗಂಟಲು ಸರಿಮಾಡಿಕೊಂಡು, "ಮೂರನೇ ಮಹಡೀಲಿ ಏನೂ ತೊಂದರೆ ಇಲ್ಲ" ಎಂದರು. ಪರದೆಯ ಮೇಲೆ ಕೆಂಪು ಬಿತ್ತು.

"ಯಾಕೋ ಇದು? ತೊಂದರೆ ಇಲ್ಲ ಅಂದ್ನಲ್ಲ!"

"ಕೊನೇಲಿ 'ಇಲ್ಲ' ಅಂದ್ರಲ್ಲಕ್ಕ, ಅದಕ್ಕೆ ಫೇಲ್ ಅಂದ್ಕೊಂಡಿದೆ."

"ಹಂಗಾದ್ರೆ ಇದನ್ನ ಕೇಳು. ನಾಲ್ಕನೇ ಮಹಡೀಲಿ ಬಾಗಿಲಿಗೆ ಏನೋ ದೊಡ್ಡ ರೋಗ ಇದೆ."

ಹಸಿರು.

ಹಿಂದೆ ನಿಂತು ಇಣುಕುತ್ತಿದ್ದ ಲೆಕ್ಕದವರು ನಕ್ಕುಬಿಟ್ಟರು. ಕಂಪನಿಯ ಲೆಕ್ಕ ಬರೆಯುವುದು ಅವರ ಕೆಲಸ. ಉಳಿದವರ ಕೆಲಸವನ್ನು ತಿದ್ದುವುದು ಅವರ ಹವ್ಯಾಸ. "ನಿಮ್ಮ ಜರಡೀಗೆ ಮೊದಲು ಕನ್ನಡ ಕಲಿಸ್ರೀ. 'ಪರವಾಗಿಲ್ಲ' ಅಂದ್ರೆ ಏನು ಬರುತ್ತೆ?"

ಅದು ದೊಡ್ಡ ಚರ್ಚೆಯಾಯಿತು. 'ಪರವಾಗಿಲ್ಲ' ಎಂದರೆ ಪಾಸು ಎಂದರು ಟೆಸ್ಟರಕ್ಕ. ಮದುವೆಗೆ ಹೆಣ್ಣು ನೋಡಿ ಬಂದವರು ಪರವಾಗಿಲ್ಲ ಎಂದರೆ ಅದು ಫೇಲೇ ಎಂದರು ಲೆಕ್ಕದವರು. ಮ್ಯಾನೇಜರು ಬಂದು, ಗಿರಾಕಿಯ ಎದುರು ಹೇಳಿದರೆ ಪಾಸು, ಸಂಬಳ ಹೆಚ್ಚು ಕೇಳಿದಾಗ ಹೇಳಿದರೆ ಫೇಲು ಎಂದು ತೀರ್ಪು ಕೊಟ್ಟರು. ಜರಡಿ ತಲೆ ಕೆರೆದುಕೊಳ್ಳುತ್ತಾ ಪದಗಳನ್ನು ಒಂದೊಂದೇ ಸೇರಿಸಿದ.

"ಇನ್ನೊಂದು ವಿಷಯ ಅಕ್ಕ. ನಿಮ್ಮ ನಂಬರಿಂದ ಬಂದ್ರೆ ಮಾತ್ರ ತಗೋ ಅಂತ ಹ್ಯಾಂಡ್ಲರಿಗೆ ಹೇಳಿದೀನಿ."

"ನನ್ನ ಫೋನ್ ಆಗ್ಲೇ ಸತ್ತೋಗಿದೆಯಲ್ಲೋ," ಎಂದು ಅಕ್ಕ ಕಪ್ಪು ಪರದೆ ತೋರಿಸಿದರು. "ಅಲ್ಲಿ ಸೆಕ್ಯುರಿಟಿಯವರದ್ದೋ, ಲಿಫ್ಟಲ್ಲಿ ಬಂದವರದ್ದೋ ಇಸ್ಕೊಂಡು ಕಳಿಸ್ತೀನಿ. ಯಾವ ನಂಬರು ಅಂತ ಈಗಲೇ ಹೆಂಗೆ ಹೇಳ್ಲಿ?"

"ಆ ನಂಬರ್ ಗಿಂಬರ್ ತೆಗೀರಿ," ಎಂದರು ಮ್ಯಾನೇಜರು. "ಬಾಗಿಲು, ಗುಂಡಿ, ದೀಪ, ಇಂಥ ಮಾತು ಬಂತು ಅಂದ್ರೆ ನಮ್ದೇ ವರದಿ. ಮತ್ಯಾರು ಕೆಲಸ ಇಲ್ದೆ ಬಾಗಿಲ ಬಗ್ಗೆ ಮಾತಾಡ್ತಾರೆ?"

"ಒಂದ್ಸಲ ಶುರು ಮಾಡಿದ್ಮೇಲೆ ಆ ಫೋನಿಂದ ಬಂದಿದ್ದೆಲ್ಲಾ ನಂದೇ ಅಂತ ತಿಳ್ಕೊಳ್ಲಿ," ಎಂದು ಅಕ್ಕ ಸೇರಿಸಿದರು.

"ಸರ್, ಹಾಗಾದ್ರೆ ಖಾತ್ರಿ ಅಂಕ ಅರ್ಧ ಇಡ್ತೀನಿ. ಅನುಮಾನ ಇದ್ರೆ ಬಿಟ್ಬಿಡ್ಲಿ."

"ಅರ್ಧ?" ಮ್ಯಾನೇಜರಿಗೆ ಅವಮಾನವಾಯಿತು. "ಯಜಮಾನರ ಎದುರು ಅರ್ಧ ಧೈರ್ಯ ತೋರಿಸ್ತೀರಾ? ಒಂದು ಇಡ್ರೀ, ಪೂರ್ತಿ ಒಂದು!"

ಜರಡಿ ಒಂದು ಇಟ್ಟ.

"ವರದಿ ಕಳಿಸಿದೋರಿಗೆ ವಾಪಸ್ ಒಂದು ಉತ್ತರ ಹೋಗೋದು ಬೇಡ್ವಾ?" ಲೆಕ್ಕದವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಮರ್ಯಾದಸ್ಥರ ಲಕ್ಷಣ ಅದು. ನೀವು ಒತ್ತಿ, ನಾನು ಹೇಳ್ತೀನಿ." ಶಾಲೆಯಲ್ಲಿದ್ದಾಗ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದಿದ್ದ ಅವರು ಕಣ್ಣು ಮುಚ್ಚಿ ಹೇಳಿದರು. ಅವರು ಬೇಗ ಎದ್ದು ಹೋಗಲಿ ಎಂದು ಜರಡಿ, ಹೇಳಿದ ಹಾಗೇ ಬರೆದುಕೊಂಡ.

ಉಳಿದದ್ದು ವರದಿ ಬಂದು ಸೇರಲು ಒಂದು ಫೋನು. ಕಂಪನಿಗೆ ಹೊಸ ಫೋನು ತರಿಸುವ ಪುರುಸೊತ್ತು ಇರಲಿಲ್ಲ. "ನಿಮ್ದೇ ಹಚ್ಚಿ, ಒಂದು ಮಧ್ಯಾಹ್ನದ ವಿಷಯ," ಎಂದರು ಮ್ಯಾನೇಜರು. ಜರಡಿ ತನ್ನ ಫೋನಿನ ಗಂಟೆ ನಿಲ್ಲಿಸಿ, ಅದನ್ನು ಕಂಪ್ಯೂಟರಿಗೆ ಕಟ್ಟಿ, ಮೇಜಿನ ಡ್ರಾಯರಿನೊಳಗೆ ಮಲಗಿಸಿದ. ಮಲಗಿಸುವಾಗ ಬೆಳಿಗ್ಗೆ ಬಂದ ಕೊನೆಯ ಸಂದೇಶ ಕಣ್ಣಿಗೆ ಬಿತ್ತು. ಅವನ ಅತ್ತೆಯದು.

ಅತ್ತೆ ಎಂದರೆ ಹೆಂಡತಿಯ ತಾಯಿ. ಮಗಳ ಮನೆಯಲ್ಲೇ ಇದ್ದರು. ಬರೆಯುವುದು ಅವರಿಗೆ ಆಗದು, ಏನಿದ್ದರೂ ಧ್ವನಿ. ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುವ, ಆದರೆ ಆ ಬಹುವಚನದಲ್ಲೇ ಚರ್ಮ ಸುಲಿಯಬಲ್ಲ ಹೆಂಗಸು. ಬೆಳಿಗ್ಗೆಯ ಸಂದೇಶ ಅವನು ಕೇಳಿಯಾಗಿತ್ತು: "ಬಾತ್‌ರೂಮಿನ ಚಿಲಕ ಸಡಿಲ ಆಗಿದೆ ಅಂತ ಹೋದ ವಾರದಿಂದ ಹೇಳ್ತಾ ಇದೀನಿ. ನಿಮಗೆ ಪುರುಸೊತ್ತಾದಾಗ ನೋಡಿ. ನನಗೇನೂ ಅವಸರ ಇಲ್ಲ." ಸಂಜೆ ನೋಡಿದರಾಯಿತು ಎಂದುಕೊಂಡು ಅವನು ಡ್ರಾಯರ್ ಮುಚ್ಚಿದ.

*

ಲಿಫ್ಟ್ ಕಂಪನಿಯ ಯಜಮಾನರು ಊಟದ ಹೊತ್ತು ಮುಗಿಯುತ್ತಿದ್ದ ಹಾಗೆ ಬಂದರು. ತೂಕದ ಆಳು. ಜೊತೆಗೆ ಅವರ ಮೆಕ್ಯಾನಿಕ್, ಸೊಂಟದ ಸುತ್ತ ಸ್ಕ್ರೂಡ್ರೈವರುಗಳನ್ನು ಸಿಗಿಸಿಕೊಂಡು, ಸಿಟ್ಟಿಗೆದ್ದ ಮುಳ್ಳುಹಂದಿಯ ಹಾಗೆ. ಯಜಮಾನರು ಕುರ್ಚಿಯಲ್ಲಿ ಕೂತು, ಬಂದ ಕಾಫಿಯನ್ನು ಪಕ್ಕಕ್ಕಿಟ್ಟು ಹೇಳಿದರು:

"ನೋಡಿ, ಎಲ್ಲಾ ಕಂಪನಿಯವರೂ ನನಗೆ ಬರೀ ಹಸಿರು ತೋರಿಸ್ತಾರೆ. ಹಸಿರು ನೋಡಿ ನೋಡಿ ನನಗೆ ದನ ಆದಂಗೆ ಆಗಿದೆ. ಲಿಫ್ಟು ಯಾವಾಗ್ಲೂ ಚೆನ್ನಾಗಿರಲ್ಲ. ಕೆಟ್ಟಾಗ ಒಳಗಿದ್ದೋರಿಗೆ ಏನಾಗುತ್ತೆ? ಅದು ಬೇಕು ನನಗೆ."

"ಅದೇ ತೋರಿಸ್ತೀವಿ ಸರ್," ಎಂದರು ಮ್ಯಾನೇಜರು. ತೋರಿಸುವುದು ಏನೆಂದು ಅವರಿಗೂ ಗೊತ್ತಿರಲಿಲ್ಲ.

ಮೊದಲು ಟೆಸ್ಟರಕ್ಕನ ವರದಿಗಳು ಬಂದವು. ಒಂದನೇ ಮಹಡಿ ಸರಿ. ಎರಡನೇ ಮಹಡಿ ಸರಿ. ಮೂರನೇ ಮಹಡಿ, "ಅಂಥಾ ಹೇಳಿಕೊಳ್ಳೋ ಹಂಗೇನಿಲ್ಲ, ನಡೀತದೆ." ಪಾರ್ಸರು ಒಂದು ಕ್ಷಣ ಯೋಚಿಸಿ ಹಸಿರು ಕೊಟ್ಟಿತು. ಜರಡಿ ಉಸಿರು ಬಿಟ್ಟ. ಯಜಮಾನರು ಆಕಳಿಸಿದರು. ಆಮೇಲೆ ವರದಿ ನಿಂತೇಹೋಯಿತು. ಸೆಕ್ಯುರಿಟಿಯವರು ತಮ್ಮ ಫೋನು ವಾಪಸ್ ಇಸ್ಕೊಂಡಿರಬೇಕು ಎಂದು ಜರಡಿ ಲೆಕ್ಕ ಹಾಕುತ್ತಿದ್ದಾಗ ಪರದೆಯ ಮೇಲೆ ದೊಡ್ಡದಾಗಿ ಕೆಂಪು ಬಿತ್ತು.

ಫೇಲ್: ಬಾಗಿಲು ತೆಗೀತಾ ಇಲ್ಲ. ನಾನು ಒಳಗೇ ಸಿಕ್ಕಾಕ್ಕೊಂಡಿದೀನಿ. ಸ್ವಲ್ಪ ಬೇಗ ಬನ್ನಿ.

ಯಜಮಾನರ ಆಕಳಿಕೆ ಅರ್ಧಕ್ಕೇ ನಿಂತಿತು. "ಇದು... ನಿಜವಾಗ್ಲೂ?"

"ಪರೀಕ್ಷೆ ಸರ್," ಎಂದರು ಮ್ಯಾನೇಜರು, ಕರ್ಚೀಫು ಹುಡುಕುತ್ತಾ. "ನಮ್ಮ ಟೆಸ್ಟರಕ್ಕ ಬೇಕಂತಲೇ ಸಿಕ್ಕಾಕ್ಕೊಂಡಿದಾರೆ. ಹೊಸ ಫೋನಿಂದ ಕಳಿಸ್ತಾ ಇದಾರೆ."

ಜರಡಿಗೆ ಅನುಮಾನ ಬರಲಿಲ್ಲ. ಯಾರ್ಯಾರದೋ ನಂಬರು ತೋರಿಸಿ ಏನು ಪ್ರಯೋಜನ ಎಂದು ಕಳಿಸಿದವರ ಹೆಸರನ್ನು ಅವನೇ ಪರದೆಯಿಂದ ತೆಗೆದುಹಾಕಿದ್ದ. ಅಕ್ಕ ಪಾಪ ನಿಜವಾಗಿಯೇ ಸಿಕ್ಕಿಕೊಂಡರಾ ಎಂದು ಮಾತ್ರ ಹೆದರಿದ. ಅವರ ನಂಬರಿಗೆ ಆಫೀಸಿನ ಫೋನಿಂದ ಹೊಡೆದು ನೋಡಿದ. ಸತ್ತ ಬ್ಯಾಟರಿ ಮಾತಾಡುತ್ತದೆಯೇ?

ಈ ಮಧ್ಯೆ ಹೊಸ ಹ್ಯಾಂಡ್ಲರು, ಹೇಳಿಕೊಟ್ಟ ಹಾಗೆ, ಲೆಕ್ಕದವರ ಉತ್ತರವನ್ನು ಕಳಿಸಿತ್ತು. ಅದು ಪರದೆಯ ಮೂಲೆಯಲ್ಲೂ ಮೂಡಿತು: "ಮಾನ್ಯರೇ, ತಮ್ಮ ವರದಿ ತಲುಪಿದೆ. ಫೇಲ್ ಎಂದು ಸಂತೋಷದಿಂದ ದಾಖಲಿಸಿಕೊಂಡಿದ್ದೇವೆ. ತಾವು ಇದ್ದಲ್ಲಿಯೇ ಇದ್ದು ಮುಂದಿನ ಪರೀಕ್ಷೆಗೆ ಸಹಕರಿಸಬೇಕಾಗಿ ವಿನಂತಿ."

ಮೂಲೆಯಲ್ಲಿ ನಿಂತಿದ್ದ ಲೆಕ್ಕದವರ ಎದೆ ಉಬ್ಬಿತು.

ಫೇಲ್: ಏನ್ರೀ ಇದು? ಯಾರು ಮಾತಾಡ್ತಿರೋದು? ಸಂತೋಷನಾ ನಿಮಗೆ? ಇಲ್ಲಿ ಲೈಟೂ ಹೋಯ್ತು.

ಉತ್ತರ ಹೋಯಿತು: ಮಾನ್ಯರೇ, ಸಂತೋಷದಿಂದ ದಾಖಲಿಸಿಕೊಂಡಿದ್ದೇವೆ.

ಫೇಲ್: ನೀವು ಕೇಳಿಸ್ಕೊಂಡಿದೀರಿ ಅಂತ ಇಲ್ಲಿ ನೀಲಿ ಗೀಟು ಕಾಣ್ತಾ ಇದೆ. ಕೇಳಿಸ್ಕೊಂಡೂ ಸುಮ್ನಿದೀರಿ. ಅಲ್ಲಾ, ಮನುಷ್ಯರೇನಾ ನೀವು?

ಯಜಮಾನರು ಕುರ್ಚಿಯ ತುದಿಗೆ ಬಂದು ಕೂತಿದ್ದರು. "ಅಯ್ಯೋ, ಎಷ್ಟು ಸಹಜವಾಗಿದೆ! ನಿಜವಾಗ್ಲೂ ಒಳಗೆ ಸಿಕ್ಕಿದೋರು ಹಿಂಗೇ ಮಾತಾಡೋದು!"

"ಅಕ್ಕನಿಗೆ ನಾವು ವಿಶೇಷ ತರಬೇತಿ ಕೊಟ್ಟಿದೀವಿ ಸರ್," ಎಂದರು ಮ್ಯಾನೇಜರು.

ಫೇಲ್: ನಲ್ಲಿ ತಿರುಗಿಸೋಕೆ ಹೋದೆ, ಅದೂ ಕೈಗೇ ಬಂತು. ಈಗ ನೀರು ನಿಲ್ತಾ ಇಲ್ಲ.

"ಲಿಫ್ಟಲ್ಲಿ ನಲ್ಲಿ?" ಎಂದು ಮೆಕ್ಯಾನಿಕ್ ಕೇಳಿದ.

ಮ್ಯಾನೇಜರಿಗೆ ಇಂಥ ಹೊತ್ತಲ್ಲಿ ಬಾಯಿ ತಾನಾಗಿಯೇ ಕೆಲಸ ಮಾಡುತ್ತಿತ್ತು. "ಪ್ರವಾಹ ಪರೀಕ್ಷೆ! ಕಟ್ಟಡಕ್ಕೆ ನೀರು ನುಗ್ಗಿದ್ರೆ ಲಿಫ್ಟು ಏನು ಮಾಡುತ್ತೆ ಅಂತ. ಬೇರೆ ಯಾವ ಕಂಪನೀಲೂ ಇದನ್ನ ಮಾಡಲ್ಲ ಸರ್."

"ಮಾಡಲ್ಲ, ಮಾಡಲ್ಲ," ಎಂದರು ಯಜಮಾನರು ಗದ್ಗದಿತರಾಗಿ.

ಜರಡಿ ಮಾತ್ರ ಆ ಸಾಲನ್ನು ಇನ್ನೊಮ್ಮೆ ಓದಿದ. ನಲ್ಲಿ. ಚಿಲಕ. ಅವನ ಕೈ ಡ್ರಾಯರಿನ ಕಡೆ ಸರಿಯಿತು. ಮ್ಯಾನೇಜರು ಅದರ ಮೇಲೆ ಮೊಣಕೈ ಊರಿ, "ವೈರು ಕಿತ್ತೀರಾ ಜೋಕೆ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಫೇಲ್: ಬಕೆಟ್ಟು ತೇಲ್ತಾ ಇದೆ. ಇನ್ನು ನಾನೊಬ್ಬಳು ತೇಲೋದು ಬಾಕಿ. ಏನಯ್ಯಾ, ಕೇಳಿಸ್ತಾ ಇದೆಯಾ ನಿನಗೆ?

ಬಹುವಚನ ಹೋಗಿತ್ತು. ಮದುವೆಯಾದಂದಿನಿಂದ ಎಂಥ ಜಗಳದಲ್ಲೂ ಹೋಗದಿದ್ದ ಬಹುವಚನ ಅದು. ಜರಡಿ ಎದ್ದು ನಿಂತ. ಅವನು ಬಾಯಿ ತೆರೆಯುವಷ್ಟರಲ್ಲಿ ಪರದೆ ಇನ್ನೊಮ್ಮೆ ಕೆಂಪಾಯಿತು.

ಫೇಲ್: ನಿನಗೆ ನನ್ನ ಮಗಳನ್ನ ಕೊಟ್ಟಿದ್ದೇ ತಪ್ಪು.

ಸರಿಯಾಗಿ ಆಗ ಬಾಗಿಲು ತಳ್ಳಿಕೊಂಡು ಟೆಸ್ಟರಕ್ಕ ಒಳಗೆ ಬಂದರು. ಬಟ್ಟೆ ಒದ್ದೆಯಾಗಿರಲಿಲ್ಲ, ಮುಖ ನಗುತ್ತಿತ್ತು. "ಯಾರೂ ಫೋನು ಕೊಡ್ಲಿಲ್ಲ ಸರ್, ಅದಕ್ಕೆ ನಾನೇ ಬಂದ್ಬಿಟ್ಟೆ. ಬಾಕಿ ಎಲ್ಲಾ ಮಹಡೀನೂ ಚೆನ್ನಾಗಿದೆ. ಯಾಕೆ, ಎಲ್ರೂ ಹಿಂಗ್ ನೋಡ್ತಿದೀರಾ?"

ಯಜಮಾನರು ಅಕ್ಕನನ್ನು ನೋಡಿದರು, ಪರದೆಯನ್ನು ನೋಡಿದರು. "ಹಂಗಾದ್ರೆ ಒಳಗಿರೋದು ಯಾರು?"

"ನಮ್ಮತ್ತೆ," ಎಂದ ಜರಡಿ. "ಲಿಫ್ಟಲ್ಲ ಸರ್. ನಮ್ಮನೆ ಬಾತ್‌ರೂಮು."

ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಬಹುಶಃ ಎಲ್ಲಾದರೂ ಬದುಕಿಕೊಳ್ಳುವ ಜಾಗವನ್ನು ಯೋಚಿಸುತ್ತಿದ್ದರು. ಲೆಕ್ಕದವರು ಮಾತ್ರ ಏನೂ ಆಗಿಲ್ಲವೆಂಬಂತೆ, "ಧ್ವನಿ ಕೇಳಿದ್ರೆ ಖಾತ್ರಿ ಆಗುತ್ತಲ್ಲ," ಎಂದು ಪರದೆಯ ಪಕ್ಕದ ಗುಂಡಿ ಒತ್ತಿದರು. ಗೋಡೆಯ ಸ್ಪೀಕರಿನಿಂದ ಅತ್ತೆಯ ಧ್ವನಿ ಹೊರಟಿತು. ಕಾಫಿ ಲೋಟದಲ್ಲಿ ಅಲೆ ಎದ್ದಿತು. ಮೆಕ್ಯಾನಿಕ್ ತನಗೇ ಗೊತ್ತಿಲ್ಲದೆ ನೆಟ್ಟಗೆ ನಿಂತ.

ಜರಡಿ ಡ್ರಾಯರ್ ಎಳೆದು, ಫೋನು ಕಿತ್ತುಕೊಂಡು, ಅತ್ತೆಗೆ ಹೊಡೆಯುತ್ತಾ ಮೆಟ್ಟಿಲ ಕಡೆ ಓಡಿದ. ಅವರು ಎತ್ತಲಿಲ್ಲ. ಎಷ್ಟಾದರೂ ಸಿಟ್ಟು ಬಂದ ಮನುಷ್ಯರು. ಎತ್ತುವುದಕ್ಕೇ ಆಗದಿದ್ದರೆ? ಕಾಲು ಜಾರಿ ಬಿದ್ದಿದ್ದರೆ? ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಯುವವರೆಗೆ ಅವಳ ಫೋನು ಲಾಕರಿನಲ್ಲಿರುತ್ತದೆ. ಚಿಲಕಕ್ಕೆ ಬೇಕಾಗಿದ್ದುದು ಒಂದು ಸ್ಕ್ರೂ, ಒಂದು ಗಳಿಗೆ. ಅದನ್ನು ಅವನು ವಾರವಿಡೀ ಸಂಜೆಗೆ ದೂಡಿದ್ದ.

"ನಿಂತ್ಕೊಳ್ರೀ!" ಹಿಂದಿನಿಂದ ಯಜಮಾನರು ಕೂಗಿದರು. "ಬಾಗಿಲು ತೆಗೆಯೋದು ನಮ್ಮ ಕಸುಬು. ನನ್ನ ಕಾರಲ್ಲೇ ಹೋಗೋಣ!"

*

ಮನೆಯ ಮುಂದೆ ಎದುರುಮನೆ ವಕೀಲರು ಕೈ ಕಟ್ಟಿಕೊಂಡು ನಿಂತಿದ್ದರು. ಕೋರ್ಟಿಗೆ ಹೋಗುವುದು ಬಿಟ್ಟು ಬಹಳ ಕಾಲವಾಗಿತ್ತು, ವಾದ ಬಿಟ್ಟಿರಲಿಲ್ಲ.

"ಒಳಗಿಂದ ಕೂಗಾಟ ಕೇಳಿಸ್ಲಿಲ್ವಾ ಸರ್?" ಎಂದ ಜರಡಿ ಏದುಸಿರು ಬಿಡುತ್ತಾ.

"ಕೇಳಿಸ್ತು. ದಿನಾ ಕೇಳಿಸುತ್ತಲ್ಲಪ್ಪಾ. ಫೋನಲ್ಲಿ ಮಾತಾಡ್ತಿದಾರೆ ಅಂದ್ಕೊಂಡೆ. ಈಗ ಸುಮಾರು ಹೊತ್ತಿಂದ ಶಬ್ದ ಇಲ್ಲ. ಅದಕ್ಕೇ ಗಾಬರಿಯಾಗಿ ಹೊರಗೆ ಬಂದೆ."

ಜರಡಿ ಅವಸರದಲ್ಲಿ ಬೀಗದ ಕೈಯನ್ನು ಎರಡು ಸಲ ಕೆಳಗೆ ಬೀಳಿಸಿದ. ಬಾಗಿಲು ತೆಗೆದರೆ ನಡುಮನೆಯ ತುಂಬಾ ನೀರು. ಚಪ್ಪಲಿಯೊಂದು ನಿಧಾನವಾಗಿ ಅವರನ್ನು ಬರಮಾಡಿಕೊಳ್ಳಲು ತೇಲಿ ಬಂತು. ಅವನು ಬಾತ್‌ರೂಮಿನ ಬಾಗಿಲು ಬಡಿದ. "ಅತ್ತೆ! ಅತ್ತೆ, ಹೇಗಿದೀರಾ?"

ಒಳಗಿಂದ ಶಾಂತವಾದ, ಅಳತೆ ಮಾಡಿದ ಧ್ವನಿ: "ಪರೀಕ್ಷೆ ಮುಗೀತಾ?"

ಜರಡಿಗೆ ಖುಷಿಯಿಂದ ಅಳು ಬಂತು.

ಮೆಕ್ಯಾನಿಕ್ ಮುಂದೆ ಬಂದು ಬಾಗಿಲು ತಟ್ಟಿ ನೋಡಿ, "ಇದು ಮರದ್ದು. ನಾನು ಬರೀ ಸ್ಟೀಲು ಮಾಡೋದು," ಎಂದ. ವಕೀಲರು ಬಾಗಿಲು ಒಡೆದರೆ ಬಾಡಿಗೆ ಕರಾರಿನ ಪ್ರಕಾರ ಯಾರು ಹೊಣೆ ಎಂಬ ಪ್ರಶ್ನೆ ಎತ್ತಿದರು. ಮ್ಯಾನೇಜರು ಎಲ್ಲರೂ ಸೇರಿ ಮೊದಲು ಒಂದು ಯೋಜನೆ ಮಾಡೋಣ ಎಂದರು. ಯಜಮಾನರು ಕೋಟು ಕಳಚಿ ಹಿಡಿಕೆ ಹಿಡಿದು ಎಳೆಯತೊಡಗಿದರು.

"ಯಾರದು ಎಳೀತಿರೋದು?" ಒಳಗಿಂದ ಸಿಡಿಲು ಬಿತ್ತು. "ಬಾಗಿಲು ಒಳಗಡೆಗೆ ತೆಗೆಯೋದು. ಒಳಗೆ ನಾನಿದೀನಿ, ಹೊರಗೆ ನೀವಿದೀರಿ. ಹಂಗಿದ್ರೆ ಏನ್ ಮಾಡ್ಬೇಕು? ಎಳೀಬೇಕಾ, ತಳ್ಳಬೇಕಾ? ಯೋಚನೆ ಮಾಡಿ. ಅವಸರ ಇಲ್ಲ, ನೀರು ಇನ್ನೂ ಮೊಣಕಾಲಿಗೆ ಬಂದಿಲ್ಲ. ನೀವು ಗಾಬರಿ ಪಡೋದು ನಿಲ್ಸಿ ಮೊದ್ಲು! ಉಸಿರು ತಗೊಳ್ಳಿ. ತಗೊಂಡ್ರಾ? ಈಗ ಭುಜ ಕೊಟ್ಟು ಒಂದೇ ಸಲ, ಹ್ಞಾಂ!"

ಯಜಮಾನರು ಭುಜ ಕೊಟ್ಟರು. ತುಕ್ಕು ಹಿಡಿದ ಚಿಲಕ ಹಾರಿಹೋಯಿತು. ಬಾಗಿಲಿನ ಜೊತೆಗೇ ಒಳಗೆ ಹೋದ ಯಜಮಾನರು ದಬಾರನೆ ನೀರಿನಲ್ಲಿ ಕೂತರು. ಅತ್ತೆ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ನಿಂತಿದ್ದರು, ಫೋನನ್ನು ಎತ್ತಿ ಹಿಡಿದು, ಚೌಕದಲ್ಲಿ ನಿಲ್ಲಿಸಿದ ಪ್ರತಿಮೆಯ ಹಾಗೆ.

"ಇವರ್ಯಾರು?" ಎಂದರು ಕೆಳಗೆ ನೋಡಿ.

"ನಮ್ಮ ಗಿರಾಕಿ, ಅತ್ತೆ," ಎಂದ ಜರಡಿ. ಆಮೇಲೆ ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ. ಚಿಲಕ ನೋಡದಿದ್ದುದು ತನ್ನ ತಪ್ಪು, ಹ್ಯಾಂಡ್ಲರಿಗೆ ಪೂರ್ತಿ ಅಂಕ ಕೊಟ್ಟಿದ್ದು ತನ್ನ ತಪ್ಪು, ಟೆಸ್ಟರಕ್ಕನದೇ ವರದಿ ಎಂದು ಎಲ್ಲರೂ ನಂಬಿದ್ದು ತನ್ನ ತಪ್ಪು. ಮ್ಯಾನೇಜರು ಆ ಕೊನೆಯದಕ್ಕೆ ಜೋರಾಗಿ ತಲೆಯಾಡಿಸಿದರು. ಜರಡಿ ಯಜಮಾನರ ಕಡೆ ತಿರುಗಿದ. "ಸರ್, ನೀವು ನೋಡಿದ್ದು ಪರೀಕ್ಷೆ ಅಲ್ಲ. ಪ್ರವಾಹ ಪರೀಕ್ಷೆ ಅಂತ ನಮ್ಮಲ್ಲಿ ಯಾವುದೂ ಇಲ್ಲ. ಕೆಲಸ ಹೋದ್ರೂ ಪರವಾಗಿಲ್ಲ, ನಿಮಗೆ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ."

ಯಜಮಾನರು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ನೀರಿನಲ್ಲಿ ಕೂತಲ್ಲೇ ಅತ್ತೆಯ ಮುಖ ನೋಡುತ್ತಿದ್ದರು.

"ಅಮ್ಮಾ, ನಾನು ಹೆದರಿದ್ದೆ," ಎಂದರು. "ನೀವು ಉಸಿರು ತಗೊಳ್ಳಿ ಅಂದ್ರಲ್ಲ, ತಕ್ಷಣ ಹೆದರಿಕೆ ಹೋಯ್ತು. ನಮ್ಮ ಲಿಫ್ಟಲ್ಲಿ ಜನ ಸಿಕ್ಕಾಕ್ಕೊಂಡ್ರೆ ಒಂದು ಹೆಣ್ಣು ಧ್ವನಿ ಬರುತ್ತೆ. 'ದಯವಿಟ್ಟು ಶಾಂತವಾಗಿರಿ' ಅಂತ ಜೇನು ಸುರಿದಂಗೆ ಹೇಳುತ್ತೆ. ಅದನ್ನ ಕೇಳಿ ಜನ ಇನ್ನೂ ಅಳ್ತಾರೆ, ಏನೋ ಆಗ್ಬಾರದ್ದು ಆಗಿದೆ ಅಂತ. ನಿಮ್ಮ ಧ್ವನಿ ಬಂದ್ರೆ? ಬೈಸಿಕೊಳ್ಳೋದ್ರಲ್ಲೇ ಹೊತ್ತು ಹೋಗುತ್ತೆ, ಹೆದರೋಕೆ ಪುರುಸೊತ್ತೆಲ್ಲಿ?" ಎದ್ದು ನಿಂತು ಮ್ಯಾನೇಜರ ಕೈ ಹಿಡಿದರು. "ಕೆಲಸ ನಿಮಗೇ. ಆದ್ರೆ ನನ್ನ ಲಿಫ್ಟುಗಳಿಗೆಲ್ಲ ಈ ಧ್ವನಿ ಬೇಕು."

ಮ್ಯಾನೇಜರು ಒದ್ದೆ ಕೈಯನ್ನು ಹಿಡಿದು ಕುಲುಕಿದ ರೀತಿ ನೋಡಿದರೆ, ಈ ಯೋಚನೆ ಬೆಳಿಗ್ಗೆಯಿಂದ ಅವರ ತಲೆಯಲ್ಲೇ ಇದ್ದ ಹಾಗಿತ್ತು.

ಅತ್ತೆ ಬಕೆಟ್ಟಿನಿಂದ ಇಳಿದರು. "ಯೋಚನೆ ಮಾಡಿ ಹೇಳ್ತೀನಿ," ಎಂದರು. "ಈಗ ಎಲ್ರೂ ಕಾಲೊರೆಸ್ಕೊಂಡು ಹೊರಗೆ ನಡೀರಿ."

*

ಎಲ್ಲರೂ ಹೋದ ಮೇಲೆ ಜರಡಿ ನೀರು ಬಾಚಿದ, ನೆಲ ಒರೆಸಿದ, ಹೊಸ ನಲ್ಲಿ ಕೂರಿಸಿದ, ಚಿಲಕ ಹಾಕಿದ, ಹಾಕಿದ ಚಿಲಕವನ್ನು ಒಳಗಿಂದಲೂ ಹೊರಗಿಂದಲೂ ಎಳೆದು ನೋಡಿದ. ಡ್ಯೂಟಿ ಮುಗಿಸಿ ಬಂದ ಹೆಂಡತಿ ಒದ್ದೆ ಕಂಬಳಿ ನೋಡಿ, "ಇವತ್ತೇನು ವಿಶೇಷ?" ಎಂದಳು. ಅವನಿಗೆ ಹೇಳಲು ಶಕ್ತಿ ಇರಲಿಲ್ಲ. ಆದರೆ ಎದೆ ಹಗುರವಾಗಿತ್ತು. ಕೆಲಸ ಉಳಿದಿತ್ತು. ಅತ್ತೆಗೆ ಒಂದು ಗೀರೂ ಆಗಿರಲಿಲ್ಲ. ಸತ್ಯ ಹೇಳಿಯೂ ಮನುಷ್ಯ ಬದುಕಬಹುದು ಎಂಬುದು ಅವನಿಗೆ ಹೊಸ ವಿಷಯ. ಅವನು ಸೋಫಾದ ಒಣಗಿದ ಮೂಲೆ ಹುಡುಕಿ ಕೂತ.

ಒಳಗಿನ ರೂಮಿನಲ್ಲಿ ಅತ್ತೆ ಮ್ಯಾನೇಜರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಬಹಳ ಹೊತ್ತು ಮಾತಾಡಿದರು. ಮ್ಯಾನೇಜರು ಬರೀ ಹ್ಞೂಂಗುಟ್ಟುತ್ತಿದ್ದಂತೆ ತೋರುತ್ತಿತ್ತು. ಕೊನೆಗೆ ಹೊರಗೆ ಬಂದು ಅಳಿಯನ ಎದುರಿನ ಕುರ್ಚಿಯಲ್ಲಿ ಕೂತರು.

"ಒಪ್ಕೊಂಡೆ," ಎಂದರು.

"ಒಳ್ಳೇದಾಯ್ತು ಅತ್ತೆ."

"ನಾಳೆಯಿಂದಲೇ ಧ್ವನಿ ಹಿಡೀತಾರಂತೆ. ಒಂದು ಖಾಲಿ ರೂಮಲ್ಲಿ ಮೈಕು ಇಟ್ಟು ಮಾತಾಡಿ ಅಂದ್ರು ನಿಮ್ಮ ಮ್ಯಾನೇಜರು. ನನ್ನಿಂದ ಆಗಲ್ಲ ಅಂದೆ. ಗೋಡೆ ನೋಡ್ಕೊಂಡು ಬೈಯೋಕೆ ಹೆಂಗೆ ಬರುತ್ತೆ, ನೀವೇ ಹೇಳಿ. ಬಾಗಿಲ ಆಚೆ ಒಬ್ಬರು ನಿಜವಾಗ್ಲೂ ಸಿಕ್ಕಾಕ್ಕೊಂಡಿರ್ಬೇಕು, ಆಗ್ಲೇ ಮಾತು ತಾನಾಗಿ ಬರೋದು."

"ಅದೂ ನಿಜವೇ," ಎಂದ ಜರಡಿ, ಕಾಲು ಚಾಚುತ್ತಾ.

"ಅವರೂ ಹಂಗೇ ಅಂದ್ರು. ಲಿಫ್ಟನ್ನ ಎರಡು ಮಹಡಿ ಮಧ್ಯ ನಿಲ್ಲಿಸ್ತಾರಂತೆ, ದೀಪ ಆರಿಸ್ತಾರಂತೆ. ಯಜಮಾನರು ಪ್ರವಾಹಾನೂ ಬೇಕು ಅಂತ ಹಠ ಹಿಡಿದಿದಾರಂತೆ, ಅದಕ್ಕೆ ಮೇಲಿಂದ ಪೈಪ್ ಬಿಡ್ತಾರೆ. ಒಳಗೆ ನಿಲ್ಲೋಕೆ ಯಾರಿದಾರೆ ಅಂತ ಕೇಳಿದ್ರು." ಅತ್ತೆ ಬಹಳ ದಿನಗಳ ಮೇಲೆ ಅಳಿಯನ ಮುಖ ನೋಡಿ ವಾತ್ಸಲ್ಯದಿಂದ ನಕ್ಕರು. ಬಹುವಚನವೂ ಪೂರ್ತಿ ವಾಪಸ್ ಬಂದಿತ್ತು. "ನಿಮ್ಮ ಹೆಸರು ಕೊಟ್ಟಿದೀನಿ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದ್ಕೊಂಡು ಹೊರಡಿ. ನನಗೆ ಒಂದೇ ಸಲಕ್ಕೆ ಎಲ್ಲಾ ಸರಿಯಾಗಿ ಬರಲ್ಲ."